ಹಳೇ ಟೀವಿ ಗೇಮ್: ಹುಚ್ಚೋ? ಹವ್ಯಾಸವೋ?



ಈ ಹಾಳೆಯಲ್ಲಿ ನಾವು ಸಾಮಾನ್ಯವಾಗಿ ಉಳಿತಾಯ, ಸಾಲ ಮರುಪಾವತಿ, ರಕ್ತಹೀನತೆ, ಹೈನುಗಾರಿಕೆ ಇಂಥ ವಿಷಯಗಳನ್ನು ಬರೆಯುತ್ತೇವೆ. ಈ ಸಲ ವಿಡಿಯೋ ಗೇಮ್ ಬಗ್ಗೆ ಬರೆದದ್ದನ್ನು ನೋಡಿ "ಸಿಸ್ಟರ್‌ಗೆ ಏನಾತಪಾ?" ಎಂದು ನೀವು ನಗಬಹುದು. ನಗಲಿಕ್ಕೆ ಅಡ್ಡಿಯಿಲ್ಲ. ಆದರೆ ಕೆರೂರಿನ ಒಂದು ಸಂಘದಲ್ಲಿ ಇದೇ ವಿಷಯದಿಂದ ಒಬ್ಬ ತಾಯಿ-ಮಗನ ಮಾತು ನಿಂತುಹೋಯಿತು. ಅದಕ್ಕೆ ಅರ್ಧ ಕಾರಣ ನಾವೇ. ಆದ್ದರಿಂದ ಬರೆಯಲೇಬೇಕಾಯಿತು.

ನಮ್ಮಿಂದಾದ ತಪ್ಪು

ಆ ಸಂಘದಲ್ಲಿ ಒಬ್ಬ ಸದಸ್ಯೆಯ ಮಗ ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡಿ ಅರವತ್ತು ಸಾವಿರ ರೂಪಾಯಿ ಕಳೆದುಕೊಂಡಿದ್ದ. ತಾಯಿ ಹೊಲಿಗೆ ಯಂತ್ರಕ್ಕೆಂದು ಸಂಘದಿಂದ ಎತ್ತಿದ ಸಾಲವೂ ಅದರಲ್ಲಿ ಹೋಯಿತು. ಅಂದಿನಿಂದ 'ಗೇಮ್' ಎಂಬ ಮಾತು ಕೇಳಿದರೆ ಸಾಕು, ಎಲ್ಲ ತಾಯಂದಿರ ಎದೆ ಡವಡವ.

ಮುಂದಿನ ತಿಂಗಳ ಸಭೆಯಲ್ಲಿ ಇನ್ನೊಬ್ಬ ಸದಸ್ಯೆ ಎದ್ದು ನಿಂತರು. ಸಂಘದ ಲೆಕ್ಕದ ಪುಸ್ತಕ ಬರೆಯುವವರು ಇವರೇ. "ಸಿಸ್ಟರ್, ನಮ್ಮ ಹುಡುಗಗೂ ಗೇಮಿನ ಹುಚ್ಚು ಹತ್ತೇತ್ರಿ. ಹುಬ್ಬಳ್ಳ್ಯಾಗ ನೌಕರಿ ಮಾಡ್ತಾನ. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದಾಗ ಹಳೇ ಟೀವಿ ಮುಂದ ಕುಂತು ಸಣ್ಣ ಹುಡುಗ್ರಂಗ ಆಡ್ತಾನ. ಎಲ್ಲೆಲ್ಲಿಂದೋ ಹಳೇ ಕ್ಯಾಸೆಟ್ ತರ್ತಾನ. ಏನ್ ಮಾಡಬೇಕ್ರಿ?" ಎಂದು ಕೇಳಿದರು.

ನಾವು ಹಿಂದು ಮುಂದು ವಿಚಾರಿಸಲಿಲ್ಲ. "ಮನ್ಯಾಗ ಇದ್ದರ ತಾನೆ ಆಡೂದು? ತೆಗೆದು ಹಾಕಿಬಿಡ್ರಿ" ಎಂದೆವು. ಆ ತಾಯಿ ಹಾಗೇ ಮಾಡಿದರು. 41 ಕ್ಯಾಸೆಟ್, ಎರಡು ಮಷಿನ್ನು, ವೈರುಗಳು, ಎಲ್ಲವನ್ನೂ ಚೀಲದಲ್ಲಿ ತುಂಬಿ ಮೋಡ್ಕಾದವನಿಗೆ ತೂಕಕ್ಕೆ ಹಾಕಿದರು. 90 ರೂಪಾಯಿ ಬಂತು.

ಮಗ ಊರಿಗೆ ಬಂದ. ಖಾಲಿ ಮಾಡ ನೋಡಿದ. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. "ಒಂದು ಮಾತು ಕೇಳಬೇಕಿತ್ತಬೇ" ಎಂದಷ್ಟೇ ಹೇಳಿ ಸಂಜೆ ಬಸ್ಸಿಗೆ ಹೊರಟುಹೋದ. ಆಮೇಲೆ ಒಂದೂವರೆ ತಿಂಗಳು ಊರಿಗೆ ಬರಲಿಲ್ಲ. ದುಡ್ಡು ಮಾತ್ರ ತಪ್ಪದೆ ಕಳಿಸುತ್ತಿದ್ದ.

ಮಾಡ ಒರೆಸುವಾಗ ತಾಯಿಗೆ ಒಂದು ನೋಟುಬುಕ್ಕು ಸಿಕ್ಕಿತು. ಅದನ್ನು ಸಭೆಗೆ ತಂದು ನಮ್ಮ ಮುಂದೆ ಇಟ್ಟರು. ಎಡಗಡೆ ಹಾಳೆಯಲ್ಲಿ ಪಗಾರ, ಮನೆಗೆ ಕಳಿಸಿದ್ದು, ಖೋಲಿ ಬಾಡಿಗೆ, ಉಳಿತಾಯ. ಬಲಗಡೆ ಹಾಳೆಯಲ್ಲಿ ಕ್ಯಾಸೆಟ್ಟಿನ ಹೆಸರು, ತಂದ ದಿನ, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟೆ, ಚಾಲೂ ಇದೆಯೋ ಇಲ್ಲವೋ. ಯಾವ ತಿಂಗಳೂ 500 ರೂಪಾಯಿ ದಾಟಿಲ್ಲ. ತಂಗಿಯ ಬಾಣಂತನದ ಎರಡು ತಿಂಗಳು "ಈ ತಿಂಗಳು ಏನೂ ಇಲ್ಲ" ಎಂದು ಬರೆದಿದ್ದ.

"ಸಿಸ್ಟರ್, ಸಂಘದ ಪುಸ್ತಕ ನಾ ಬರೆಯೂ ಹಂಗ ಬರದಾನ್ರಿ" ಎಂದು ಆ ತಾಯಿ ಕಣ್ಣು ಒರೆಸಿಕೊಂಡರು. ನಮಗೆ ತಲೆ ತಗ್ಗಿಸುವಂತಾಯಿತು. ಸಮಾಜಕಾರ್ಯ ಓದಿದ ನಾವು ಮೊದಲು ಕೇಳಿ, ಆಮೇಲೆ ಹೇಳಬೇಕಿತ್ತು. ರಮ್ಮಿ ಆಡಿದ ಹುಡುಗನಿಗೂ ಈ ಹುಡುಗನಿಗೂ ಒಂದೇ ತಕ್ಕಡಿ ಹಿಡಿದೆವು. ಅಂದಿನಿಂದ ಈ ವಿಷಯ ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಆಟ ಹೊಸದಲ್ಲ, ಕೂಡಿಡುವುದೂ ಹೊಸದಲ್ಲ

ನಮ್ಮ ಐಹೊಳೆ, ಪಟ್ಟದಕಲ್ಲಿಗೆ ನೀವೆಲ್ಲ ಹೋಗಿದ್ದೀರಿ. ಗುಡಿಯ ಗೋಡೆಯ ಮೇಲಿನ ಮೂರ್ತಿಗಳನ್ನು ನೋಡುತ್ತೇವೆ, ಕಾಲಡಿಯ ಕಲ್ಲುಹಾಸು ನೋಡುವುದಿಲ್ಲ. ಇಂಥ ಹಳೆಯ ಗುಡಿಗಳ ಕಲ್ಲುಹಾಸು, ಕಟ್ಟೆಗಳ ಮೇಲೆ ಹುಲಿ-ಕುರಿ, ಚೌಕಾಬಾರದಂಥ ಆಟಗಳ ಮನೆಗಳನ್ನು ಕೊರೆದಿರುವುದು ಕಾಣಸಿಗುತ್ತದೆ. ದುಡಿದು ದಣಿದ ಜನ ನೆರಳಿನಲ್ಲಿ ಕೂತು ಆಡಿದ ಗುರುತು ಅದು. ಹಂಪಿಯಲ್ಲಂತೂ ಇಂಥವು ಬಹಳ ಇವೆ.

ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳ ದೊಡ್ಡ ಪ್ರೇಮಿ. ಹಳೆಯ ಆಟಗಳನ್ನು ಬರೆಸಿಟ್ಟರು, ಹೊಸ ಆಟಗಳನ್ನು ತಾವೇ ಕಟ್ಟಿದರು, ಗಂಜೀಫಾ ಎಂಬ ದುಂಡನೆಯ ಬಣ್ಣದ ಎಲೆಗಳ ಆಟಕ್ಕೆ ಆಸರೆಯಾದರು. ಅವರು ಬರೆಸಿ ಇಡದಿದ್ದರೆ ಎಷ್ಟೋ ಆಟ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹಳೆಯದನ್ನು ಕೂಡಿಡುವವರಿಂದ ಆಗುವ ಉಪಕಾರ ಇದು.

ವಿಡಿಯೋ ಗೇಮಿನ ಕಥೆಯೂ ಎಲೆ ಆಟದಿಂದಲೇ ಶುರುವಾಗುತ್ತದೆ. ಜಪಾನಿನ ಕ್ಯೋಟೋ ಊರಿನಲ್ಲಿ 1889ರಲ್ಲಿ ಎಲೆ ಆಟದ ಎಲೆಗಳನ್ನು ಮಾಡುವ ಒಂದು ಕಂಪನಿ ಹುಟ್ಟಿತು. ಅದರ ಹೆಸರು ನಿಂಟೆಂಡೊ. ಅದೇ ಕಂಪನಿ 1983ರಲ್ಲಿ ಟೀವಿಗೆ ಹಚ್ಚಿ ಆಡುವ ಮಷಿನ್ನು ತಂದಿತು. 1985ರಲ್ಲಿ 'ಸೂಪರ್ ಮಾರಿಯೋ' ಆಟ ಬಂತು. ಟೊಪ್ಪಿಗೆ ಹಾಕಿದ, ಮೀಸೆಯ ಕುಳ್ಳ ಮನುಷ್ಯ ಓಡುತ್ತಾ, ಜಿಗಿಯುತ್ತಾ ಹೋಗುವ ಆಟ. ನಿಮ್ಮ ಮಕ್ಕಳು ಆಡಿದ್ದನ್ನು ನೀವೂ ನೋಡಿರಬಹುದು.

ನಮ್ಮ ಊರುಗಳಿಗೆ ಬಂದ ಬಗೆ

ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಟೀವಿ ಗೇಮ್ ಹಬ್ಬಿತು. ಸಮುರಾಯ್, ಮೀಡಿಯಾ, ಮಿತಾಶಿ ಎಂಬ ಹೆಸರಿನ ಮಷಿನ್ನುಗಳು ಪೇಟೆಯಲ್ಲಿದ್ದವು. ಪೇಟೆಗೆ ಬಂದ ಮಷಿನ್ನುಗಳಲ್ಲಿ ಬಹಳಷ್ಟು ಆ ಜಪಾನಿ ಮಷಿನ್ನಿನ ನಕಲುಗಳು. ಕ್ಯಾಸೆಟ್ಟಿನ ಮೇಲೆ '9999 ಆಟ' ಎಂದು ಬರೆದಿರುತ್ತಿತ್ತು. ಒಳಗೆ ನೋಡಿದರೆ ಬೇರೆ ಬೇರೆ ಆಟಗಳು ಹತ್ತೋ ಇಪ್ಪತ್ತೋ. ಅವೇ ಮತ್ತೆ ಮತ್ತೆ ಬರುತ್ತಿದ್ದವು. ಮೋಸವೇ ಸರಿ, ಆದರೆ ಅಂದಿನ ಮಕ್ಕಳಿಗೆ ಅದೇ ಸ್ವರ್ಗ.

ಇನ್ನೊಂದು ಕೈಯಲ್ಲಿ ಹಿಡಿದು ಆಡುವ ಇಟ್ಟಂಗಿ ಆಟ, ಅಂದರೆ ಬ್ರಿಕ್ ಗೇಮ್. ಜಾತ್ರೆಯ ಬಳೆ, ಆಟಿಗೆ ಅಂಗಡಿಗಳ ಸಾಲಿನಲ್ಲೂ ಇದು ಮಾರಾಟಕ್ಕೆ ಇರುತ್ತಿತ್ತು. ಮೇಲಿನಿಂದ ಬೀಳುವ ಇಟ್ಟಂಗಿಗಳನ್ನು ತಿರುಗಿಸಿ ಸಾಲು ಕೂಡಿಸಬೇಕು. ಇದರ ಮೂಲ 'ಟೆಟ್ರಿಸ್' ಎಂಬ ಆಟ. ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ಎಂಬುವರು 1984ರಲ್ಲಿ ಅದನ್ನು ಕಟ್ಟಿದರು. ಗೋಡೆ ಕಟ್ಟುವ ಗೌಂಡಿಯ ಕೆಲಸದ ಹಾಗೆ, ತಲೆ ಮತ್ತು ಕೈ ಎರಡೂ ಓಡಬೇಕು.

ಮೂರನೆಯದು ನಮಗೆಲ್ಲ ಗೊತ್ತಿರುವ ಹಾವಿನ ಆಟ. 1997ರಲ್ಲಿ ನೋಕಿಯಾ 6110 ಫೋನಿನಲ್ಲಿ ಮೊದಲು ಬಂತು. 2003ರಲ್ಲಿ ಬಂದ ನೋಕಿಯಾ 1100 ಫೋನು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಸಂಘಗಳ ಎಷ್ಟೋ ಸದಸ್ಯೆಯರ ಮೊದಲ ಫೋನು ಅದೇ. ಬಸ್ಸಿಗೆ ಕಾಯುತ್ತಾ ಹಾವಿಗೆ ಊಟ ಹಾಕಿದವರು ನಿಮ್ಮಲ್ಲಿ ಇಲ್ಲವೇ? ನಾವಂತೂ ಹಾಕಿದ್ದೇವೆ. ಅಂದರೆ ವಿಡಿಯೋ ಗೇಮ್ ಆಡಿದವರಲ್ಲಿ ನಾವೂ ಸೇರಿದ್ದೇವೆ.

ನಮ್ಮ ರಾಜ್ಯದಲ್ಲಿ ಇದು ಆಟ ಆಡುವವರಿಗೆ ಮಾತ್ರ ಸೇರಿದ್ದಲ್ಲ, ದುಡಿಮೆಯೂ ಆಗಿದೆ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 'ಧ್ರುವ ಇಂಟರಾಕ್ಟಿವ್' ಎಂಬ ಸಂಸ್ಥೆ ಶುರು ಮಾಡಿದರು. ದೇಶದಲ್ಲಿ ವಿಡಿಯೋ ಗೇಮ್ ತಯಾರಿಸಿದ ಮೊದಲ ಸಂಸ್ಥೆಗಳಲ್ಲಿ ಇದು ಒಂದು. ಚಿತ್ರ ಬರೆಯುವವರು, ಸಂಗೀತ ಕೂಡಿಸುವವರು, ಲೆಕ್ಕ ಹಾಕುವವರು, ಕಥೆ ಹೆಣೆಯುವವರು, ಇಷ್ಟು ಜನ ಸೇರಿದರೆ ಒಂದು ಆಟ.

ಕ್ಯಾಸೆಟ್ಟಿನ ಒಳಗೆ ಏನಿದೆ?

ಇದನ್ನು ಕ್ಯಾಸೆಟ್ ಎಂದು ಕರೆದರೂ ಹಾಡಿನ ಕ್ಯಾಸೆಟ್ಟಿನಂತೆ ಒಳಗೆ ರೀಲು ಇರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಹಸಿರು ಪಟ್ಟಿ, ಅದರ ಮೇಲೆ ಚಿಪ್ಪು. ಆಟದ ಎಲ್ಲಾ ನಿಯಮ, ಚಿತ್ರ, ಹಾಡು ಆ ಚಿಪ್ಪಿನಲ್ಲಿ ಅಳಿಸಲಾಗದಂತೆ ಬರೆದಿರುತ್ತದೆ. ಪಟ್ಟಿಯ ಅಂಚಿನಲ್ಲಿ ಲೋಹದ ಹಲ್ಲುಗಳಿರುತ್ತವೆ. ಅವು ಮಷಿನ್ನಿಗೆ ಸರಿಯಾಗಿ ತಾಗಿದರೆ ಆಟ ಬರುತ್ತದೆ.

ಒಂದು ಬೆರಗಿನ ಸಂಗತಿ ಕೇಳಿ. ಸೂಪರ್ ಮಾರಿಯೋ ಆಟವಿಡೀ, 32 ಹಂತಗಳು ಸೇರಿ, ಬರೀ 40 ಕೆಬಿ. ನೀವು ವಾಟ್ಸಾಪಿನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ! ಜಾಗ ಕಡಿಮೆ ಇದ್ದದ್ದರಿಂದ ಮೋಡದ ಚಿತ್ರವನ್ನೇ ಹಸಿರು ಬಣ್ಣ ಹಚ್ಚಿ ಗಿಡದ ಪೊದೆ ಮಾಡಿದರು. ಇದ್ದದ್ದರಲ್ಲೇ ಸಂಸಾರ ತೂಗಿಸುವ ಹೆಣ್ಣುಮಕ್ಕಳಿಗೆ ಈ ಜಾಣತನ ಬೇಗ ಅರ್ಥವಾಗುತ್ತದೆ.

ಹಳೆಯ ಕ್ಯಾಸೆಟ್ ಕಾಯುವುದು ಹೇಗೆ ಎಂಬುದಕ್ಕೆ ಕೆಲವು ಮಾತು:

* ಆಟ ಬರದಿದ್ದಾಗ ಮಕ್ಕಳು ಕ್ಯಾಸೆಟ್ಟಿಗೆ ಉಫ್ ಎಂದು ಊದುತ್ತಾರೆ. ಹಾಗೆ ಮಾಡಬಾರದು. ಬಾಯಿಯ ತೇವದಿಂದ ಲೋಹದ ಹಲ್ಲು ಕಿಲುಬು ಹಿಡಿಯುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅರಳೆ ಕಡ್ಡಿಗೆ ಸ್ವಲ್ಪ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕಬೇಕು. ಇದು ಬೇಗ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಬೇಡ.
* ನಮ್ಮ ಭಾಗದ ಬೇಸಿಗೆಯಲ್ಲಿ ತಗಡಿನ ಕೆಳಗಿನ ಅಟ್ಟ ಕುಲುಮೆಯಂತೆ ಕಾಯುತ್ತದೆ. ಕ್ಯಾಸೆಟ್, ಸೀಡಿ ಅಲ್ಲಿ ಇಡಬಾರದು. ಟ್ರಂಕಿನಲ್ಲೋ ಡಬ್ಬಿಯಲ್ಲೋ ಹಾಕಿ ತಂಪು, ಒಣ ಜಾಗದಲ್ಲಿ ಇಡಿ.
* ಸೀಡಿ ಇದ್ದರೆ ದುಂಡಗೆ ಒರೆಸಬೇಡಿ. ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ.
* ಕೆಲವು ಕ್ಯಾಸೆಟ್ಟಿನಲ್ಲಿ, ಆಟಿಗೆಗಳಲ್ಲಿ ಗುಂಡಿಯಂಥ ಸಣ್ಣ ಸೆಲ್ ಇರುತ್ತದೆ. ಸಣ್ಣ ಮಕ್ಕಳು ನುಂಗಿದರೆ ಗಂಟಲು, ಅನ್ನನಾಳ ಸುಡುತ್ತದೆ. ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು.
* ಪಿಸ್ತೂಲು ಹಿಡಿದು ಬಾತುಕೋಳಿ ಹೊಡೆಯುವ ಹಳೇ ಆಟ ಡಬ್ಬಿ ಟೀವಿಯಲ್ಲಿ ಮಾತ್ರ ನಡೆಯುತ್ತದೆ. ಹೊಸ ಎಲ್‌ಇಡಿ ಟೀವಿಯಲ್ಲಿ ಬೆಳಕು ಮೂಡುವ ರೀತಿಯೇ ಬೇರೆ, ಪಿಸ್ತೂಲಿಗೆ ಗುರಿ ತಿಳಿಯುವುದಿಲ್ಲ. ಮಗ "ಹಳೇ ಟೀವಿ ಕೊಡಬ್ಯಾಡಬೇ" ಎಂದರೆ ಸುಮ್ಮನೆ ಹಠವಲ್ಲ.
* ಡಬ್ಬಿ ಟೀವಿ ಕೆಟ್ಟರೆ ಒಡೆಯಬೇಡಿ, ಸುಡಬೇಡಿ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಅದು ವಿಷ.

ಹಳೆಯದನ್ನು ಯಾಕೆ ಕೂಡಿಡುತ್ತಾರೆ?

"ಹೊಸಾದು ಇಷ್ಟು ಬಂದಾವು, ಹಳೇದು ಯಾಕ?" ಎಂಬ ಪ್ರಶ್ನೆ ಸಹಜ. ನಮ್ಮ ಅಜ್ಜಿಯ ಇಳಕಲ್ ಸೀರೆಯನ್ನು ನಾವು ಯಾಕೆ ಮಡಿಚಿ ಇಟ್ಟಿದ್ದೇವೆ? ಉಡುವುದು ವರ್ಷಕ್ಕೊಮ್ಮೆ ಇರಬಹುದು. ಆದರೆ ಆ ನೇಯ್ಗೆ, ಆ ಟೋಪಿ ಸೆರಗು, ಆ ನೆನಪು ಬೇರೆ ಕಡೆ ಸಿಗದು. ಕೆರೂರಿನಂಥ ನೇಕಾರರ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಟಗಳಿಗೆ ಇನ್ನೊಂದು ತೊಂದರೆ ಇದೆ. ಹಳೆಯ ಪುಸ್ತಕ ಗ್ರಂಥಾಲಯದಲ್ಲಿ ಸಿಗುತ್ತದೆ, ಹಳೆಯ ಸಿನಿಮಾ ಟೀವಿಯಲ್ಲಿ ಬರುತ್ತದೆ. ಹಳೆಯ ಆಟ ಹಾಗಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಆಟಗಳು ಈಗ ಅಂಗಡಿಯಲ್ಲಿ ಮಾರಾಟಕ್ಕೇ ಇಲ್ಲ ಎಂದು ಅದರಲ್ಲಿ ತಿಳಿಸಿದ್ದಾರೆ. ಮನೆಯಲ್ಲಿ ಕೂಡಿಟ್ಟವರ ಹತ್ತಿರ ಉಳಿದರೆ ಉಳಿಯಿತು.

ಮೋಡ್ಕಾಕ್ಕೆ ಹಾಕಿ ಮರುಗಿದವರು ನಮ್ಮ ಸದಸ್ಯೆ ಒಬ್ಬರೇ ಅಲ್ಲ. ಅಮೆರಿಕದಲ್ಲಿ ಅಟಾರಿ ಎಂಬ ದೊಡ್ಡ ಕಂಪನಿ ಇತ್ತು. ಅಗತ್ಯಕ್ಕಿಂತ ಹೆಚ್ಚು ಕ್ಯಾಸೆಟ್ ಮಾಡಿತು, ಮಾರಾಟವಾಗಲಿಲ್ಲ. 1983ರಲ್ಲಿ ಲಾರಿಗಟ್ಟಲೆ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹುಗಿಯಿತು. 31 ವರ್ಷದ ಮೇಲೆ, 2014ರಲ್ಲಿ, ಅದೇ ಗುಂಡಿಯನ್ನು ಅಗೆದು ಸುಮಾರು 1,300 ಕ್ಯಾಸೆಟ್ ಹೊರತೆಗೆದರು. ಕೆಲವು ವಸ್ತುಸಂಗ್ರಹಾಲಯ ಸೇರಿದವು, ಉಳಿದವುಗಳ ಮಾರಾಟದಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಅಮೆರಿಕದ ರೋಚೆಸ್ಟರ್ ಊರಿನ ಆಟಗಳ ವಸ್ತುಸಂಗ್ರಹಾಲಯದಲ್ಲಿ 2015ರಿಂದ ಹೆಸರಾಂತ ವಿಡಿಯೋ ಗೇಮ್‌ಗಳಿಗೆ ಗೌರವ ಸ್ಥಾನ ಕೊಡುತ್ತಿದ್ದಾರೆ. ಟೆಟ್ರಿಸ್, ಮಾರಿಯೋ ಎರಡೂ ಮೊದಲ ವರ್ಷವೇ ಅದರಲ್ಲಿ ಸೇರಿದವು.

ಆದರೆ ಅಕ್ಕಂದಿರೇ, ಇದನ್ನು ಕೇಳಿ "ನಮ್ಮ ಮನೆಯ ಕ್ಯಾಸೆಟ್ಟಿಗೂ ಲಕ್ಷ ಬರುತ್ತದೆ" ಎಂದು ಲೆಕ್ಕ ಹಾಕಬೇಡಿ. 2021ರಲ್ಲಿ ಮಾರಿಯೋ ಆಟದ ಒಂದು ಪ್ರತಿ 20 ಲಕ್ಷ ಡಾಲರಿಗೆ ಮಾರಾಟವಾದದ್ದು ನಿಜ. ಅದು ಅಂಗಡಿಯಿಂದ ತಂದು ಒಡೆಯದೇ ಇಟ್ಟ ಮೂಲ ಪ್ರತಿ. ನಮ್ಮಲ್ಲಿರುವವು ಬಹುತೇಕ ನಕಲು, ಬಳಸಿದವು. ಇವುಗಳ ಬೆಲೆ ನೂರು, ಇನ್ನೂರರ ಮಾತು. ಲಾಭಕ್ಕೆಂದು ಸಾಲ ಮಾಡಿ ಕೊಂಡರೆ ಅದು ಹವ್ಯಾಸವಲ್ಲ, ತಿಳಿಯದ ವ್ಯಾಪಾರ.

ಹವ್ಯಾಸ ಬೇರೆ, ಜೂಜು ಬೇರೆ

ನಮ್ಮ ತಪ್ಪಿನ ಮೂಲ ಇಲ್ಲೇ ಇದೆ. 'ಗೇಮ್' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತು ಇವೆ. ನಾಗರಪಂಚಮಿಗೆ ಜೋಕಾಲಿ ಆಡುವುದೂ ಆಟ, ದುಡ್ಡಿಟ್ಟು ಇಸ್ಪೀಟು ಆಡುವುದೂ ಆಟ ಅನ್ನಿಸಿಕೊಳ್ಳುತ್ತದೆ. ಎರಡೂ ಒಂದೇ ಎಂದು ಯಾರಾದರೂ ಹೇಳುತ್ತಾರೆಯೇ?

ಈ ಪ್ರಶ್ನೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಆಗ ಪಟ್ಟಣಗಳಲ್ಲಿ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪಾರ್ಲರುಗಳಿದ್ದವು. ಅವುಗಳಿಗೆ ಪೊಲೀಸರ ಲೈಸೆನ್ಸ್ ಬೇಕೇ ಬೇಡವೇ ಎಂಬ ಮೊಕದ್ದಮೆಯಲ್ಲಿ 1995ರಲ್ಲಿ ತೀರ್ಪು ಬಂತು. ಲೈಸೆನ್ಸ್ ಬೇಕು, ಜಾಣ್ಮೆಯ ಆಟ ಬೇರೆ, ಅದೃಷ್ಟದ ಮೇಲೆ ದುಡ್ಡು ಕಟ್ಟುವ ಆಟ ಬೇರೆ ಎಂದು ನ್ಯಾಯಾಲಯ ನೋಡಿತು.

ಮೊಬೈಲ್ ಬಂದ ಮೇಲೆ ಪಾರ್ಲರು ಜೇಬಿನೊಳಗೆ ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಕಾನೂನು ಮಾಡಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾನೂನನ್ನು ಅಂಗೀಕರಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ, ಜಾಣ್ಮೆಯದಿರಲಿ ಅದೃಷ್ಟದ್ದಿರಲಿ, ನಡೆಸುವುದನ್ನೂ ಅದರ ಜಾಹೀರಾತನ್ನೂ ಈ ಕಾನೂನು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಆಡಿ ಮೋಸ ಹೋದವರಿಗೆ ಶಿಕ್ಷೆ ಇಲ್ಲ. ಆದ್ದರಿಂದ ಮಗ ಹಣ ಕಳೆದುಕೊಂಡಿದ್ದರೆ ಹೆದರಿ ಮುಚ್ಚಿಡಬೇಡಿ. ಹಣದ ವಂಚನೆಯಾಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಇನ್ನು ಮೂರನೆಯ ಜಾತಿ ಒಂದಿದೆ. 'ಉಚಿತ' ಎಂದು ಬರುವ ಮೊಬೈಲ್ ಆಟಗಳು. ಶುರುವಿಗೆ ದುಡ್ಡು ಬೇಡ. ಆಮೇಲೆ ಡೈಮಂಡ್, ಕಾಯಿನ್, ಆಟದ ಮನುಷ್ಯನಿಗೆ ಹೊಸ ಅಂಗಿ ಎಂದು ಹತ್ತು ಹತ್ತು ರೂಪಾಯಿ ಕೀಳುತ್ತವೆ. ದಿನಾ ಬಂದು ಆಡದಿದ್ದರೆ ಬಹುಮಾನ ತಪ್ಪುತ್ತದೆ ಎಂದು ಕರೆಯುತ್ತವೆ. ಇವುಗಳಿಗೆ ಹೋಲಿಸಿದರೆ ಹಳೇ ಕ್ಯಾಸೆಟ್ ಬಡಪಾಯಿ. ಒಮ್ಮೆ ದುಡ್ಡು ಕೊಟ್ಟು ತಂದರೆ ಮುಗಿಯಿತು. ಜಾಹೀರಾತಿಲ್ಲ, ನೆಟ್ ಬೇಕಿಲ್ಲ, ಮತ್ತೆ ದುಡ್ಡು ಕೇಳುವುದಿಲ್ಲ, ಅಪರಿಚಿತರು ಮಾತಾಡಿಸುವುದಿಲ್ಲ. ಕರೆಂಟ್ ಹೋದರೆ ಆಟವೂ ಮುಗಿಯಿತು. ಕೊನೆಯ ಹಂತ ದಾಟಿದರೆ ಆಟಕ್ಕೆ ಒಂದು ಮುಕ್ತಾಯ ಇದೆ.

ಚಟವಾಗಿದೆ ಎಂದು ತಿಳಿಯುವುದು ಹೇಗೆ?

ಹಳೇ ಆಟವಾದರೂ ಅತಿಯಾದರೆ ಕೆಟ್ಟದ್ದೇ. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಚಟವನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಈ ಪಟ್ಟಿಯನ್ನು 2019ರಲ್ಲಿ ಒಪ್ಪಿದರು, 2022ರಿಂದ ಜಾರಿಗೆ ಬಂತು. ಅದರ ಪ್ರಕಾರ ನೋಡಬೇಕಾದ್ದು ಮೂರು:

1. ಆಟದ ಮೇಲೆ ಹತೋಟಿ ಇಲ್ಲದಿರುವುದು. ಯಾವಾಗ ಶುರು, ಯಾವಾಗ ಬಂದ್ ಎಂಬುದು ಕೈಯಲ್ಲಿ ಇಲ್ಲ.
2. ಊಟ, ನಿದ್ದೆ, ಕೆಲಸ, ಓದು, ಗೆಳೆಯರು, ಎಲ್ಲಕ್ಕಿಂತ ಆಟವೇ ಮೊದಲಾಗುವುದು.
3. ಹಾನಿಯಾಗುತ್ತಿದೆ ಎಂದು ಕಂಡರೂ ಬಿಡದೆ ಮುಂದುವರಿಸುವುದು, ಹೆಚ್ಚಿಸುವುದು.

ಇವು ಬದುಕನ್ನು ಕೆಡಿಸುವಷ್ಟು ತೀವ್ರವಾಗಿದ್ದು, ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಕಂಡುಬಂದರೆ ವೈದ್ಯರು ಚಟ ಎನ್ನುತ್ತಾರೆ. ಒಂದು ಭಾನುವಾರ ಮೂರು ತಾಸು ಆಡಿದ್ದಕ್ಕೆ ಯಾರೂ ಹಾಗೆ ಹೇಳುವುದಿಲ್ಲ. ಸಂಶಯ ಬಂದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಲ್ಲಿ ಮೊಬೈಲ್, ಇಂಟರ್ನೆಟ್, ಗೇಮ್ ಚಟಕ್ಕೆಂದೇ 'ಶಟ್' ಕ್ಲಿನಿಕ್ ಶುರುವಾಯಿತು. ಬೈದು, ಹೊಡೆದು, ಸಾಮಾನು ಒಡೆದು ಚಟ ಬಿಡಿಸಿದವರನ್ನು ನಾವು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಲೆಕ್ಕ ಇಟ್ಟರೆ ಹವ್ಯಾಸ ಹಗುರ

ಹವ್ಯಾಸಕ್ಕೆ ಖರ್ಚು ಮಾಡುವವರಿಗೆ ನಮ್ಮ ಸಂಘದ ನಿಯಮಗಳೇ ಸಾಕು:

* ಮೊದಲು ಮನೆ, ಸಾಲದ ಕಂತು, ಉಳಿತಾಯ. ಉಳಿದದ್ದರಲ್ಲಿ ಹವ್ಯಾಸ. ಹವ್ಯಾಸಕ್ಕಾಗಿ ಸಾಲ ಬೇಡವೇ ಬೇಡ.
* ತಿಂಗಳಿಗೆ ಇಂತಿಷ್ಟು ಎಂದು ಗೆರೆ ಎಳೆಯಿರಿ. ತಂದದ್ದನ್ನು ಬರೆದಿಡಿ.
* ಹಳೇ ಮಷಿನ್ನು, ಕ್ಯಾಸೆಟ್ ಕೊಳ್ಳುವಾಗ ಹಚ್ಚಿ ನೋಡಿ ಕೊಳ್ಳಿ. ಮುಖ ನೋಡದವರಿಗೆ ಮುಂಗಡ ಹಾಕಬೇಡಿ.
* ನಿಮ್ಮ ಹಳೆಯ ವಸ್ತು ಕೊಳ್ಳುತ್ತೇವೆ ಎಂದು ಹೇಳಿ ಕ್ಯೂಆರ್ ಕೋಡ್ ಕಳಿಸಿ "ಪಿನ್ ಒತ್ತಿರಿ" ಎಂದರೆ ಅದು ಮೋಸ. ಹಣ ಬರಲು ಪಿನ್ ಬೇಕಿಲ್ಲ, ಹೋಗಲು ಮಾತ್ರ ಬೇಕು.
* ಆಟದ ಸಮಯ ಮನೆಯವರೆಲ್ಲ ಕೂಡಿ ಗೊತ್ತು ಮಾಡಿ. ಹೇರಿದ ನಿಯಮ ಮುರಿಯುತ್ತದೆ, ಒಪ್ಪಿದ ನಿಯಮ ಉಳಿಯುತ್ತದೆ.

ಇನ್ನೊಂದು ಮಾತು. ಮಗನ ಹವ್ಯಾಸದ ಬಗ್ಗೆ ಇಷ್ಟು ಚರ್ಚೆ ಮಾಡುವ ನಾವು, ಮಗಳಿಗೆ ಆಡಲು ಪುರುಸೊತ್ತು ಇದೆಯೇ ಎಂದು ಕೇಳಿದ್ದೇವೆಯೇ? ಅವನು ಆಡುವಾಗ ಅವಳು ಮುಸುರೆ ತಿಕ್ಕುತ್ತಿದ್ದರೆ ಅದು ಆಟದ ತಪ್ಪಲ್ಲ, ನಮ್ಮ ಮನೆಯ ತಪ್ಪು. ಎರಡು ರಿಮೋಟ್ ಇರುವ ಆಟದಲ್ಲಿ ಇಬ್ಬರು ಆಡಬಹುದು, ಮುಸುರೆಯನ್ನೂ ಇಬ್ಬರು ತಿಕ್ಕಬಹುದು.

ಕೊನೆಗೆ ಏನಾಯಿತು?

ಆ ತಾಯಿ ಸುಮ್ಮನೆ ಕೂಡಲಿಲ್ಲ. ಸಂಘದ ಇಬ್ಬರು ಸದಸ್ಯೆಯರನ್ನು ಕರೆದುಕೊಂಡು ಮೋಡ್ಕಾ ಅಂಗಡಿಗೆ ಹೋದರು. ನಾವೂ ಹೋದೆವು, ಹೋಗುವುದು ನಮ್ಮ ಋಣವಾಗಿತ್ತು. ಪ್ಲಾಸ್ಟಿಕ್ ಚೀಲಗಳ ರಾಶಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಹುಡುಕಿದೆವು. 41ರಲ್ಲಿ 17 ಕ್ಯಾಸೆಟ್ ಸಿಕ್ಕವು, ಒಂದು ಮಷಿನ್ನು ಸಿಕ್ಕಿತು. ಉಳಿದದ್ದು ಆಗಲೇ ಲಾರಿ ಹತ್ತಿ ಹೋಗಿತ್ತು. 90 ರೂಪಾಯಿಗೆ ಕೊಟ್ಟದ್ದರಲ್ಲಿ ಅರ್ಧವನ್ನು 150 ಕೊಟ್ಟು ಬಿಡಿಸಿಕೊಂಡು ಬಂದರು.

ಮನೆಗೆ ಬಂದು ಮಗನ ನೋಟುಬುಕ್ಕಿನ ಬಲಗಡೆ ಹಾಳೆಯಲ್ಲಿ, ಸಂಘದ ಪುಸ್ತಕ ಬರೆಯುವ ಅದೇ ದುಂಡನೆಯ ಅಕ್ಷರದಲ್ಲಿ, ಒಂದು ಸಾಲು ಬರೆದರು: "ಮೋಡ್ಕಾ ಅಂಗಡಿ. 17 ಕ್ಯಾಸೆಟ್, 1 ಮಷಿನ್. ರೂ. 150. ಕೊಟ್ಟವರು: ಅವ್ವ." ಆ ಹಾಳೆಯ ಫೋಟೋ ತೆಗೆದು ಮಗನಿಗೆ ಕಳಿಸಿದರು. ಶನಿವಾರ ರಾತ್ರಿ ಬಸ್ಸಿಗೆ ಅವನು ಬಂದ.

ಹೋದ 24 ಕ್ಯಾಸೆಟ್ ಬರಲಿಲ್ಲ. ಅವುಗಳಲ್ಲಿ ಎರಡು ಮತ್ತೆ ಸಿಗುವುದು ಕಷ್ಟ ಎಂದು ಹುಡುಗ ನಮಗೆ ಹೇಳಿದ. ನಾವು ಅವನಲ್ಲಿ ಕ್ಷಮೆ ಕೇಳಿದೆವು. "ಇರ್ಲಿ ಬಿಡ್ರಿ ಸಿಸ್ಟರ್" ಎಂದ. ಈಗ ತಾಯಿಯೂ ಇಟ್ಟಂಗಿ ಆಟ ಕಲಿಯುತ್ತಿದ್ದಾರೆ. ರಮ್ಮಿಯಲ್ಲಿ ಹಣ ಕಳೆದ ಹುಡುಗನನ್ನು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಪ್ತಸಮಾಲೋಚನೆ ಕೊಡಿಸುತ್ತಿದ್ದೇವೆ. ಅವನ ತಾಯಿಯ ಸಾಲವನ್ನು ಸಂಘ ಸಣ್ಣ ಕಂತು ಮಾಡಿ ಕೊಟ್ಟಿದೆ.

ಮನೆಯಲ್ಲಿ ನಿಮಗೆ ಅರ್ಥವಾಗದ ಒಂದು ವಸ್ತು ಇದ್ದರೆ, ಅದನ್ನು ಹೊರಗೆ ಹಾಕುವ ಮೊದಲು ಅದರ ಧಣಿಯನ್ನು ಒಂದು ಮಾತು ಕೇಳಿ. ನಾವು ಈಗ ಕಲಿತದ್ದು ಇಷ್ಟೇ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಮನೆಯಲ್ಲಿ ಮಕ್ಕಳು ಆಡುವ ಆಟದ ಹೆಸರೇನು? ಅದು ದುಡ್ಡು ಕೇಳುತ್ತದೆಯೇ? ಮುಂದಿನ ಸಭೆಯ ಒಳಗೆ ಅವರ ಪಕ್ಕ ಕೂತು ನೋಡಿ ಬನ್ನಿ.
2. ಹವ್ಯಾಸ, ಚಟ, ಜೂಜು: ಈ ಮೂರಕ್ಕೂ ನಿಮ್ಮ ಊರಿನಿಂದ ಒಂದೊಂದು ಉದಾಹರಣೆ ಕೊಡಿ.
3. ಮನೆಯವರ ಯಾವ ವಸ್ತುವನ್ನಾದರೂ ಕೇಳದೆ ಕೊಟ್ಟು ಆಮೇಲೆ ಮರುಗಿದ್ದೀರಾ?
4. ಚಿಕ್ಕಂದಿನಲ್ಲಿ ನೀವು ಆಡಿದ, ಈಗ ಯಾರೂ ಆಡದ ಆಟ ಯಾವುದು? ಅದರ ನಿಯಮಗಳನ್ನು ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.
5. ನಿಮಗಾಗಿ ಎಂದು ವಾರದಲ್ಲಿ ಒಂದು ತಾಸು ಇಟ್ಟುಕೊಂಡರೆ ಏನು ಮಾಡಲು ಇಷ್ಟಪಡುತ್ತೀರಿ?